ಮತ್ರಾದ ಮೀನುಕಟ್ಟೆ

ಅಂಜಲ್ ಸೀಳುತ್ತಿದ್ದ ಖಲ್ಫಾನ್
ಚೂರಿಯಲ್ಲೇ ಕೋಟೆ ತೋರಿಸಿದ:
ಪೋರ್ಚುಗೀಸರು. ದೋಣಿ ಸುಟ್ಟರು ಮೊದಲು,
ಆಮೇಲೆ ಹಸಿದು ಇಳಿದು ಬಂದರು—
ಖರ್ಜೂರ ಕೊಡಿ, ಸಿಹಿನೀರು ಕೊಡಿ.

ಕೊಟ್ಟಿರಾ?

ಅಜ್ಜಿಯ ಅಜ್ಜಿಯ ಅಜ್ಜಿ ಯಾರೋ
ಕೊಟ್ಟಳಂತೆ, ಒಂದೊಂದೇ ಎಣಿಸಿ.
ಬದಲಿಗೆ ಬಂದದ್ದು ಹಿಡಿ ಕೆಂಪು ಕಾಯಿ.
ವಿಷವಿರಬೇಕೆಂದು ಮೊದಲು
ಮೇಕೆಗೆ ತಿನ್ನಿಸಿದಳು.

ನನ್ನ ಚೀಲದಲ್ಲಿ ಊರಿಂದ ತರಿಸಿದ
ಬ್ಯಾಡಗಿ, ಅರ್ಧ ಕಿಲೋ.
ಹದಿನೆಂಟು ವರ್ಷದಿಂದ ಕ್ಯಾಂಪಿನ ಅಡುಗೆಮನೆಯಲ್ಲಿ
ಇದು ನಮ್ಮದು, ನಮ್ಮದೇ ಎಂದು
ಪಠಾಣರೆದುರು ಜಂಬ ಕೊಚ್ಚಿದ್ದೇನೆ.

ತೂಕವಾದ ಮೇಲೂ ಖಲ್ಫಾನ್
ಇನ್ನೊಂದು ತುಂಡು ಹಾಕಿದ.
ನಾಲ್ಕು ಕಾಯಿ ಅವನ ಅಂಗೈಗಿಟ್ಟೆ.
ಮೂಸಿದ, ಸೀನಿದ,
ಕೋಟೆಗೆ ಬೈದ.

ಮೇಕೆ ಏನಾಯ್ತು? ಅಂದೆ.

ಇನ್ನೂ ಬೇಕೆಂದು
ರಾತ್ರಿಯಿಡೀ ಅರಚಿತಂತೆ.