ಒಂದು ಹೆಚ್ಚು

ಬೈತಖೋಲದ ಐಸ್ ಫ್ಯಾಕ್ಟರಿಯ ಮೀಟರು ಹಳೇದು.
ಗಾಜಿನ ಮೇಲೆ ಉಪ್ಪಿನ ಪೊರೆ.
ಅಂಗಿಯ ತುದಿಯಿಂದ ಒರೆಸಿದರೆ
ಆರು ಅಂಕಿ, ಅಡಿಯಲ್ಲಿ ತಿರುಗುತ್ತಲೇ ಇರುವ ತಗಡು.

ಇವತ್ತು: ಐದು ಒಂದು ಸೊನ್ನೆ, ಐದು ಒಂದು ಸೊನ್ನೆ.

ಬರೆದುಕೊಂಡು ಹೋಗಬೇಕಾದವನು ನಿಂತೆ.
ಐನೂರ ಹತ್ತು ತನ್ನ ಹೆಸರನ್ನು ಎರಡು ಸಲ ಹೇಳಿದೆ
ಅಂದರೆ ಒಳಗೆ ಸಾವಿರದೊಂದು ಕೂತಿದೆ;
ಅದನ್ನು ಒಡೆದರೆ ಏಳು, ಹನ್ನೊಂದು, ಹದಿಮೂರು.
ಉಳಿದ ಐನೂರ ಹತ್ತರಲ್ಲಿ
ಎರಡು, ಮೂರು, ಐದು, ಮತ್ತೆ ಹದಿನೇಳು.
ಬಿಎಸ್ಸಿ ಅರ್ಧಕ್ಕೆ ಬಿಟ್ಟವನಿಗೂ ಇಷ್ಟು ನೆನಪಿರುತ್ತದೆ:
ಮೊದಲ ಏಳು ಅವಿಭಾಜ್ಯಗಳು,
ಒಬ್ಬೊಬ್ಬರೂ ಒಂದೇ ಸಲ,
ಯಾರೂ ಎರಡನೇ ಸಲ ಬುಟ್ಟಿಗೆ ಕೈ ಹಾಕಿಲ್ಲ.

ಕಂಪ್ರೆಸರಿನ ಗದ್ದಲದಲ್ಲಿ ಕೂಗಿ ಹೇಳಿದೆ ದುರ್ಗೇಶ ತಾಂಡೇಲನಿಗೆ:
ಇಷ್ಟು ಬಾಂಗಡೆ ಬಿತ್ತು ಅಂದ್ಕೋ,
ಏಳು ಜನ ಇದ್ದರೂ ಸರಿ ಪಾಲು, ಹದಿಮೂರಾದರೂ ಸರಿ,
ಹದಿನೇಳು ಜನ ಬಂದರೂ ಜಗಳ ಇಲ್ಲ.
ಅವನು ಕ್ಯಾನಿನಿಂದ ಬರ್ಫ ಜಾರಿಸುತ್ತ ಅಂದ:
ಇಷ್ಟು ಬಾಂಗಡೆ ಬಿದ್ದರೆ
ದರವೇ ಬಿದ್ದುಹೋಗ್ತದೆ ಮಾರಾಯ, ಪಾಲು ಯಾರಿಗೆ ಬೇಕು.

ಅಷ್ಟರಲ್ಲಿ ಕೊನೆಯ ಸೊನ್ನೆ ಅಲುಗಿತು.
ಅರ್ಧ ಮೇಲೇರಿ, ಕೆಳಗಿನಿಂದ ಒಂದರ ತಲೆ ಇಣುಕಿ,
ಸ್ವಲ್ಪ ಹೊತ್ತು ಅದೂ ಅಲ್ಲ, ಇದೂ ಅಲ್ಲ.
ಆಮೇಲೆ ಟಕ್ಕೆಂದು ಕೂತಿತು.

ಈಗ ಇಬ್ಬರು ಹಂಚಿಕೊಂಡರೂ ಒಂದು ಮಿಗುತ್ತದೆ.
ಮೂವರಿಗೂ, ಐವರಿಗೂ, ಹದಿನೇಳು ಮಂದಿಗೂ
ಒಂದು, ಒಂದೇ ಒಂದು.
ಆ ಮಿಕ್ಕ ಬಾಂಗಡೆ ಯಾರಿಗೆ ಎಂದೆ.
ಮೈನಾಬಾಯಿಗೆ, ಅಂದ ದುರ್ಗೇಶ, ಯೋಚಿಸದೆ.
ಯಾವ ದೋಣಿಯ ಪಾಲಿಗೂ ಸೇರದವಳು,
ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಂತಿರುತ್ತಾಳಲ್ಲ, ಅವಳಿಗೆ.
ಬಿಲ್ಲಿಗೆ ಮಾತ್ರ ಒಂದು ಕಮ್ಮಿ ಬರಿ.
ಬರೆಯಲಿಲ್ಲ. ಕಂಡದ್ದನ್ನೇ ಬರೆದೆ.

ಮಾಜಾಳಿ ಬಸ್ಸಿನಲ್ಲಿ, ಬಿಲ್ಲಿನ ಸುರುಳಿಯ ಬೆನ್ನ ಮೇಲೆ
ಪೆನ್ನು ಊರಿದೆ, ಹೆಮ್ಮೆಯಿಂದ:
ಏಳೂ ಜನ ಕೈಚೆಲ್ಲಿದ್ದನ್ನು ಇನ್ಯಾರು ಒಡೆದಾರು?
ಸುಮ್ಮನೆ, ಶಾಸ್ತ್ರಕ್ಕೆಂದು, ಹತ್ತೊಂಬತ್ತರಿಂದ ಭಾಗಿಸಿದೆ.
ಕಾಳಿ ಸೇತುವೆಯ ಮೇಲೆ ಬಸ್ಸು ಕುಲುಕುತ್ತಿತ್ತು.
ಎರಡು, ಆರು, ಎಂಟು, ಆರು, ಒಂಬತ್ತು;
ಶೇಷ ಸೊನ್ನೆ.
ದೂರದವರಾರೂ ಅಲ್ಲ, ಹದಿನೇಳರ ಪಕ್ಕದ ಮನೆಯವನೇ.
ಉಳಿದ ತುಂಡನ್ನೂ ಬಿಡದೆ ಉಜ್ಜಿದೆ
ಇಪ್ಪತ್ಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು...
ಸದಾಶಿವಗಡ ಹಿಂದೆ ಬಿತ್ತು.
ತೊಂಬತ್ತೇಳಕ್ಕೆ ಅದೂ ಬಾಯಿ ಬಿಟ್ಟಿತು,
ಒಳಗೆ ಇನ್ನೂರ ಎಪ್ಪತ್ತೇಳು.

ಎದುರು ಸೀಟಿನಲ್ಲಿ ಮೈನಾಬಾಯಿ,
ಕಾಲ ನಡುವೆ ಖಾಲಿ ಬುಟ್ಟಿ, ಹುರುಪೆಯ ಹೊಳಪು.
ಆಗಿನಿಂದ ನನ್ನನ್ನೇ ನೋಡುತ್ತಿದ್ದಳಂತೆ.
ಲೆಕ್ಕ ತಪ್ಪಿತಾ? ಎಂದಳು.

ಇಲ್ಲ, ಸರಿಯಾಯಿತು, ಅಂದೆ.
ಅದಕ್ಕೇ ಹೀಗೆ.