ಅಂಗಿ ಹೊರಗೆ

ಹದಿನೆಂಟು ವರ್ಷ ಮೈದಾ ನಾದಿದ ಕೈ ಇದು.
ಜೆಪ್ಪುವಿನ ಬೇಕರಿಯಲ್ಲಿ ರಾತ್ರಿ ಎರಡಕ್ಕೆ ಶುರು,
ಮೊದಲ ಬಸ್ಸಿನ ಹೊತ್ತಿಗೆ ಬನ್ನು, ರಸ್ಕು, ಬ್ರೆಡ್ಡು.
ರೆಪ್ಪೆಯ ಮೇಲೂ ಹಿಟ್ಟು. ಮದುವೆಯ ಹೊಸತರಲ್ಲಿ
ಸೆವ್ರಿನ್ ಊದಿ ಊದಿ ನೋಡುತ್ತಿದ್ದಳು,
ಕೆಳಗೆ ಗಂಡ ಇದ್ದಾನೋ ಇಲ್ಲವೋ ಎಂದು.

ಕಂಕನಾಡಿಯ ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದೇ ಪದ.
ಓದಲು ಬರಲಿಲ್ಲ. ಅವರೇ ಬಿಡಿಸಿ ಹೇಳಿದರು:
ಮಗುವಿಗೆ ಗೋಧಿ ಆಗುವುದಿಲ್ಲ. ಚೂರೂ. ಧೂಳೂ.
ಧೂಳೂ ಎನ್ನುವಾಗ
ನನ್ನ ಕಾಲರ್ ನೋಡಿದರು.

ಏಳು ವರ್ಷದ ಅವಿಟಾ. ಉಬ್ಬಿದ ಹೊಟ್ಟೆ, ಕಡ್ಡಿ ಕೈಕಾಲು.
ನಾನು ಅಂಗಿಯೊಳಗೆ ಬೆಚ್ಚಗೆ ಇಟ್ಟು ತಂದ ಬನ್ನನ್ನೇ
ದಿನಾ ಬೆಳಿಗ್ಗೆ ತಿನ್ನುತ್ತಿದ್ದವಳು.

ಆವತ್ತಿನಿಂದ ಹಿತ್ತಿಲ ಗೋಡೆಗೊಂದು ಮೊಳೆ.
ಅಂಗಿ ಅಲ್ಲಿ. ಪ್ಯಾಂಟೂ ಅಲ್ಲಿ.
ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಸುರಿದುಕೊಂಡು
ಉಗುರ ಸಂದಿಯನ್ನು ತೆಂಗಿನ ನಾರಿನಿಂದ ತಿಕ್ಕಿ
ಆಮೇಲೆ ಬಾಗಿಲು.
"ಪಪ್ಪಾ, ಈಗ ಮುಟ್ಟಬಹುದಾ?" ಒಳಗಿನಿಂದ ಅವಳು.
"ಕಿವಿಯ ಹಿಂದೆ ತೊಳೆದಿರಾ?" ಸೆವ್ರಿನ್.

ಹಂಪನಕಟ್ಟೆಯ ದೊಡ್ಡ ಅಂಗಡಿಯಲ್ಲಿ, ಏಸಿಯ ತಂಪಿನಲ್ಲಿ,
ಕೇಕಿನ ಚಿತ್ರದ ಡಬ್ಬಿ. ಅರ್ಧ ಕಿಲೋ. ಐನೂರ ನಲವತ್ತು.
ನನ್ನ ಒಂದು ರಾತ್ರಿಗೆ ಏಳುನೂರು.
ಕೊಂಡೆ. ಒಂದೇ ಸಲ. ಎರಡು ದಿನ ಬಂತು.
ಖಾಲಿ ಡಬ್ಬಿ ಬಿಸಾಡಲು ಮನಸ್ಸಾಗದೆ
ಬೆನ್ನಿನ ಸಣ್ಣ ಅಕ್ಷರ ಮಗಳಿಂದ ಓದಿಸಿದೆ.
ಎಡವಿ ಎಡವಿ ಓದಿದಳು:
ಅಕ್ಕಿ ಹಿಟ್ಟು. ಮರಗೆಣಸಿನ ಪಿಷ್ಟ. ಏನೋ ಒಂದು ಅಂಟು.
ಅಕ್ಕಿಯಾ!
ಸೆವ್ರಿನ್ ನಕ್ಕಳು, ಬಹಳ ದಿನದ ಮೇಲೆ.
ಕೋಟು ಹಾಕಿಕೊಂಡು ಬಂದಿದೆಯಲ್ಲ ನಮ್ಮ ಅಕ್ಕಿ.

ಅಕ್ಕಿಯೇನೋ ಇದೆ, ಗಿರಣಿ ಇಲ್ಲ.
ಎಲ್ಲ ಗಿರಣಿಯಲ್ಲೂ ಅದೇ ಕಲ್ಲಿಗೆ ಗೋಧಿ,
ಗಾಳಿಯಲ್ಲೂ ಗೋಧಿ.
ಹಾಗಾಗಿ ಅಪ್ಪಿಯಕ್ಕನ ಕೊಟ್ಟಿಗೆಯಲ್ಲಿ
ಕೋಳಿಗಳಿಗೆ ಮಣೆಯಾಗಿದ್ದ ಬೀಸುಕಲ್ಲನ್ನು
ನಾನೂ ಅವಳ ಮಗ ತಾರಾನಾಥನೂ ಹೊತ್ತು ತಂದೆವು.
ದುಡ್ಡು ಬೊಡ್ಚಿ, ಎಂದಳು.
ತೊಳೆದು ಕೊಡಲಿಲ್ಲ, ಅಷ್ಟೆ.

ಬೆಳ್ತಿಗೆ ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ ಬೀಸಿ, ಮೂರು ಪಾವು.
ನೇಂದ್ರ ಕಾಯಿ ಹೆಚ್ಚಿ ಬಿಸಿಲಿಗೆ ಹಾಕಿ
ಲಟಕ್ಕೆಂದು ಮುರಿಯುವ ಹದಕ್ಕೆ ಪುಡಿ, ಒಂದು ಪಾವು.
ಕೂವೆ ಹಿಟ್ಟು ಅರ್ಧ, ಯಾರಿಗಾದರೂ ಭೇದಿಯಾದರೆ ಎಂದು
ಅತ್ತೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟದ್ದು.
ಅಂಟಿಗೆ ಮೆಡಿಕಲಿನ ಇಸಬ್ಗೋಲು,
ಮುದುಕರು ಮಲಗುವ ಮೊದಲು ಕುಡಿಯುತ್ತಾರಲ್ಲ ಅದು.
ಕಟ್ಟುವುದೂ ಬಿಡಿಸುವುದೂ ಒಂದೇ ಬೋಗುಣಿಯಲ್ಲಿ.

ಮೊದಲನೆಯದು ಕಲ್ಲು. ಕಾಗೆ ಕುಕ್ಕಿ ನೋಡಿ ಹೋಯಿತು.
ಎರಡನೆಯದು ಮೇಲೆ ಹಂಚು, ಒಳಗೆ ಗಂಜಿ.
ಮೈದಾ ಆದರೆ ಕೈಗೆ ಉತ್ತರ ಕೊಡುತ್ತದೆ:
ಒತ್ತಿದರೆ ಎದ್ದು ಬರುತ್ತದೆ, ಎಳೆದರೆ ಬರುತ್ತದೆ ಜೊತೆಗೆ.
ಇದು ಒದ್ದೆ ಮರಳು. ನಿನ್ನ ಜೋರು ನನಗೆ ಬೇಡ ಎನ್ನುವಂಥದ್ದು.
ನಾದದೆ ಸುಮ್ಮನೆ ಕಾಯುವುದನ್ನು
ನಲವತ್ತೊಂದನೆಯ ವಯಸ್ಸಿನಲ್ಲಿ ಕಲಿತೆ.

ಮೂರನೆಯ ಸಲ ಯೀಸ್ಟು ಬಿಟ್ಟು
ಸಾನ್ನಾಂಗೆ ಹಾಕುವ ಶೇಂದಿ, ಒಂದು ಲೋಟ.
ಬೇಕರಿಯ ಒಲೆ ಆಗದು, ಅದರ ಇಟ್ಟಿಗೆಗೂ ಮೈದಾ ಮೆತ್ತಿದೆ.
ಮನೆಯ ದಪ್ಪ ತಪ್ಪಲೆ, ತಳಕ್ಕೆ ಹರಳುಪ್ಪು,
ಮುಚ್ಚಳದ ಮೇಲೆ ಗೆರಟೆಯ ಕೆಂಡ.
ಬೇಯುವಷ್ಟರಲ್ಲಿ ಡಬ್ಬಿಯ ಮೇಲೆ ಲೆಕ್ಕ ಬರೆದೆ:
ಕಿಲೋಗೆ ನೂರ ಹತ್ತು.
ಅತ್ತೆಯ ಕೂವೆ ಹಿಡಿಯದೆ.

ತಣಿಯುವ ಮೊದಲೇ ಅವಿಟಾ ಬಂದಳು.
ನಾನು ಮಾಡುವ ಹಾಗೆಯೇ ಮಗುಚಿ ಹಿಡಿದು
ತಳಕ್ಕೆ ಬೆರಳಿನಿಂದ ಬಡಿದಳು, ಕಿವಿಯಿಟ್ಟಳು.
ಬೇಕರಿಯ ಬ್ರೆಡ್ಡು ಟೊಳ್ಳು ಸದ್ದು ಮಾಡುತ್ತದೆ.
ಇದು ಅರ್ಧ ತುಂಬಿದ ಮಣ್ಣಿನ ಕೊಡ.
ಒಂದು ತುಂಡು ಬಾಯಿಗಿಟ್ಟು, ಅಗಿದು,
ಬಹಳ ಹೊತ್ತು ಅಗಿದು,
"ಉಪ್ಪು ಜಾಸ್ತಿ ಪಪ್ಪಾ" ಎಂದಳು.
ಇನ್ನೊಂದು ತುಂಡಿಗೆ ಕೈ ಚಾಚಿದಳು.

ಒಂದೂವರೆಗೆ ಮತ್ತೆ ಹೊರಟೆ.
ಮೊಳೆಯ ಮೇಲೆ ಅಂಗಿ ಇಬ್ಬನಿಗೆ ತೇವ,
ತೋಳಲ್ಲಿ ನಿನ್ನೆಯ ಹಿಟ್ಟು ಗಟ್ಟಿಯಾಗಿತ್ತು.
ಮನೆಗೆ ಬೆನ್ನು ಮಾಡಿ ಕೊಡವಿ, ತೊಟ್ಟುಕೊಂಡು ನಡೆದೆ,
ದಾರಿಯುದ್ದಕ್ಕೂ ಒಂದೇ ಯೋಚನೆ:
ಅರ್ಧ ಚಮಚ ಕಡಿಮೆ ಮಾಡುವುದೋ,
ಕಾಲೋ.