ಬಡಿದು ಕೇಳು

ಮಿಲ್ಡುರಾದಲ್ಲಿ, ಒಣದ್ರಾಕ್ಷಿ ಗೋದಾಮಿನ ಬೆನ್ನಿಗೆ, ನಮ್ಮ ತಗಡಿನ ಶೆಡ್ಡು.
ಬೋರ್ಡಿನ ಮೇಲೆ ತೀರಿಹೋದ ಮಾಲೀಕನ ಹೆಸರು ಹಾಗೇ ಇದೆ.
ಒಳಗೆ ನಾನು, ಹರಿಹರದಲ್ಲಿ ಗ್ರೈಂಡಿಂಗ್ ಕಲಿತವನು,
ಮತ್ತು ನನಗಿಂತ ಹತ್ತು ವರ್ಷ ಹಿರಿಯದೊಂದು ಯಂತ್ರ.

ಬ್ರಿಯೋನಿ ಬಂದದ್ದು ಮಾರ್ಚಿನಲ್ಲಿ, ಪ್ಯಾಕಿಂಗ್ ಶೆಡ್ಡಿನ ಪಾಳಿ ಮುಗಿಸಿ,
ಬೆರಳಿಗೆ ಇನ್ನೂ ದ್ರಾಕ್ಷಿಯ ಅಂಟು.
ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ತಂದಿದ್ದಳು
ಮೂವತ್ತು ಕೆಜಿಯ ಪೆಟ್ಟಿಗೆ.
ಹೊಸ ಕ್ರ್ಯಾಂಕ್‌ಶಾಫ್ಟ್. ಕಂಪನಿಯದ್ದಲ್ಲ. ಕಾಲು ಬೆಲೆ.
"ಕಾಯಿಸಿ ಬಡಿದು ಮಾಡಿದ್ದಂತೆ, ಮೇಲೆ ಬರೆದಿದಾರೆ," ಅಂದಳು.
ಬರೆದಿದ್ದರು.

ಎಣ್ಣೆ ಒರೆಸಿ ನೋಡಿದೆ. ಬದಿಯಲ್ಲಿ ಕೂದಲೆಳೆಯ ಗೆರೆ,
ಅಚ್ಚಿಗೆ ಹೊಯ್ದ ಕಬ್ಬಿಣದ ಹೊಕ್ಕುಳ ಗುರುತು;
ಬಡಿದು ಮಾಡಿದ್ದಾದರೆ ಅದು ಬೆರಳಗಲ ಇರುತ್ತದೆ.
ಮೈಕ್ರೋಮೀಟರು ಹಿಡಿದರೆ ಪಿನ್ನು ಒಂದು ತುದಿಗೆ ಸಪೂರ.
ಮೂಲೆಗಳಲ್ಲಿ ದುಂಡೇ ಇಲ್ಲ,
ಗೋಡೆಗೆ ಗೋಡೆ ತಾಗಿದ ಹಾಗೆ ಚೂಪು.
ಬಿರುಕಿಗೆ ಅಂಥ ಮೂಲೆಯೆಂದರೆ ಬಾಡಿಗೆಯಿಲ್ಲದ ಮನೆ.

ಅಗ್ಗಕ್ಕೆ ಮುಗ್ಗಿದ ಜೋಳ, ಎನ್ನಬಹುದಿತ್ತು.
ಅವಳ ಭಾಷೆಯಲ್ಲಿ ಅದಕ್ಕೆ ಮಾತು ಸಿಗಲಿಲ್ಲ.
ಸಿಕ್ಕಿದ್ದರೂ, ಒಳ್ಳೆ ಜೋಳದ ದುಡ್ಡು ಅವಳ ಹತ್ತಿರ ಇರಲಿಲ್ಲ.
ಮಗ ಬ್ರೋಕನ್ ಹಿಲ್ಲಿನಲ್ಲಿ, ಅವನಪ್ಪನ ಬಳಿ;
ವಾರ ಬಿಟ್ಟು ವಾರ ಮುನ್ನೂರು ಕಿಲೋಮೀಟರು, ಹಳೇ ಹೋಲ್ಡನ್ನಿನಲ್ಲಿ.

ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟಿದೆ.
ನಮ್ಮಜ್ಜಿ ಸಂತೆಯಲ್ಲಿ ಗಡಿಗೆಗೆ ಬೆರಳ ಗೆಣ್ಣು ತಾಗಿಸಿ
ಕಿವಿಗೊಡುತ್ತಿದ್ದಳಲ್ಲ, ಹಾಗೆ.
ಠಣ್ ಎಂದಿತು. ಬಿರುಕಿಲ್ಲ.
ಇನ್ನೂ ಇಲ್ಲ.

"ಮೂಲೆ ದುಂಡು ಮಾಡಿ ಕೊಡ್ತೀನಿ, ಮೈ ಸ್ವಲ್ಪ ಸವೆಸಬೇಕು."
ಮೂರು ಸಂಜೆ ಹಿಡಿಯಿತು. ಪಿನ್ನಿನಿಂದ ಪಿನ್ನಿಗೆ,
ಯಾರೋ ಬಿಟ್ಟ ತಪ್ಪನ್ನು ಕೂದಲು ಕೂದಲಾಗಿ ತೆಗೆದೆ.
ಬಿಲ್ಲಿನಲ್ಲಿ ಬರೆದೆ: ಗ್ಯಾರಂಟಿ ಇಲ್ಲ.
ದೊಡ್ಡಕ್ಷರದಲ್ಲಿ, ನನ್ನ ಸಹಿಯ ಮೇಲೆ.

ನವೆಂಬರಿನಲ್ಲಿ ಟೋ ಟ್ರಕ್ಕಿನ ಬೆನ್ನೇರಿ ಬಂತು.
ಕೂಂಬಾ ದಾಟಿ, ಎಮುಗಳು ರಸ್ತೆಗಿಳಿಯುವ ಜಾಗದಲ್ಲಿ
ಒಮ್ಮೆ ಕೆಮ್ಮಿತಂತೆ. ಅಮ್ಮಾ, ಗಾಡಿಗೆ ಶೀತ, ಅಂದನಂತೆ ಮಗ.
ಆಮೇಲೆ ಸದ್ದಿಲ್ಲ. ಎರಡು ತಾಸು ಬಿಸಿಲು, ಒಂದು ಬಾಟಲಿ ನೀರು.

"ನೀನು ಹೇಳಿದ್ದೆ," ಅಂದಳು ಬ್ರಿಯೋನಿ, "ಅಗ್ಗದ್ದು ಅಂತ."
ತಲೆಯಾಡಿಸಿದೆ.

ಅವಳು ಹೋದ ಮೇಲೆ ದೀಪದಡಿ ಮುರಿದ ಮುಖ ಹಿಡಿದೆ.
ಹೊಳೆ ಇಳಿದಾಗ ಮರಳಲ್ಲಿ ಉಳಿಯುವ ಗೆರೆಗಳ ಹಾಗೆ
ಒಂದರ ಹೊರಗೊಂದು ಕಮಾನು;
ಒಂದೊಂದೂ ಒಂದೊಂದು ಶನಿವಾರ ಇರಬೇಕು,
ಹೋಗುವಾಗ ಖಾಲಿ ಸೀಟು, ಬರುವಾಗ ಮಗು.
ಗೆರೆ ಹಿಡಿದು ಹಿಂದಕ್ಕೆ, ಹಿಂದಕ್ಕೆ ಬಂದೆ,
ಆ ಹಾಳು ಮೂಲೆಗೆ ತಲುಪುತ್ತೇನೆಂದು.
ಮೂಲೆ ದುಂಡಗೇ ಇತ್ತು. ನಾನು ಮಾಡಿದ ಹಾಗೇ.

ಬಿರುಕು ಹುಟ್ಟಿದ್ದು ನಾಲ್ಕನೇ ಪಿನ್ನಿನ ಎಣ್ಣೆತೂತಿನ ಬಾಯಲ್ಲಿ.
ಮೈ ಸವೆಸಿದ ಮೇಲೆ ತೂತಿನ ಅಂಚು ಬ್ಲೇಡಾಗುತ್ತದೆ;
ಉಜ್ಜಿ ಮೊಂಡು ಮಾಡಬೇಕು, ಕಲಿಯುವ ಹುಡುಗನಿಗೂ ಗೊತ್ತು.
ಐದಕ್ಕೆ ಮಾಡಿದ್ದೆ.
ಮೂರನೆಯದಕ್ಕೂ ಐದನೆಯದಕ್ಕೂ ನಡುವೆ
ಏನಾಯಿತು? ಫೋನು? ಚಹಾ? ಶುಕ್ರವಾರ?

ಕಬ್ಬಿಣವೂ ಕಳಪೆಯೇ. ಅದನ್ನೂ ಹೇಳಬೇಕು.
ಮೊದಲು ಹೇಳಬೇಕಾದ್ದು ಅದಲ್ಲ.

ಅರ್ಧ ತುಂಡು ಕೊಂಡಿಯಲ್ಲಿ ತೂಗುತ್ತಿದೆ.
ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ತಟ್ಟುತ್ತೇನೆ.
ಬಿರುಕು ಮುರಿದು ಹೊರಬಿದ್ದ ಮೇಲೆ
ಮಿಕ್ಕ ಲೋಹಕ್ಕೆ ಮುಚ್ಚಿಡಲು ಏನೂ ಇಲ್ಲ: ಠಣ್ ಎನ್ನುತ್ತದೆ.
ಅವಳ ನಂಬರು ಗೋಡೆಯ ಮೇಲಿದೆ, ಸೀಸದ ಕಡ್ಡಿಯಲ್ಲಿ.
ಹನ್ನೊಂದು ದಿನ ಓದಿಕೊಂಡೆ.
ಇವತ್ತು ಫೋನೆತ್ತಿದೆ.
ಆ ಕಡೆ ರಿಂಗಾಗುತ್ತಿದೆ.